‘ಚೆನ್ನಾಗಿದೆ, ಓದಿ’ ಅಂದರೆ ಯಾರೂ ಓದುವುದಿಲ್ಲ: ಓದಿದ ಪುಸ್ತಕವನ್ನು ಇನ್ನೊಬ್ಬರಿಗೆ ದಾಟಿಸುವ ಸಮಗ್ರ ಮಾರ್ಗದರ್ಶಿ

ಪುಸ್ತಕ ಓದಿ ಮುಗಿಸಿದ ಖುಷಿಯಲ್ಲಿ ಒಬ್ಬರು ಮುಖಪುಟದ ಫೋಟೋ ತೆಗೆದು ವಾಟ್ಸ್ಆ್ಯಪ್ ಗುಂಪಿಗೆ ಹಾಕುತ್ತಾರೆ. ಕೆಳಗೆ ಒಂದು ಸಾಲು: ‘ಅದ್ಭುತ ಕೃತಿ, ಎಲ್ಲರೂ ಓದಲೇಬೇಕು.’ ಐದು ನಿಮಿಷದಲ್ಲಿ ಹತ್ತು ಹೆಬ್ಬೆಟ್ಟು ಬೀಳುತ್ತವೆ. (ಓದು ಬಲ್ಲವರೆಲ್ಲ ಹೆಬ್ಬೆಟ್ಟು ಒತ್ತುವ ಜಾಗ ಅದೊಂದೇ ಇರಬೇಕು.) ತಿಂಗಳು ಬಿಟ್ಟು ವಿಚಾರಿಸಿ, ಒಬ್ಬರೂ ಓದಿರುವುದಿಲ್ಲ. ಹಾಕಿದವರಿಗೆ ಬೇಜಾರು. ‘ನಮ್ಮ ಜನ ಓದೋದೇ ಇಲ್ಲ ಬಿಡಿ’ ಅಂತ ಒಂದು ನಿಟ್ಟುಸಿರು.

ಜನ ಓದುತ್ತಾರೆ. ನಾವು ಹೇಳುವ ಕ್ರಮ ತಪ್ಪಿರುತ್ತದೆ, ಅಷ್ಟೇ. ತಿಂಗಳಿಗೊಮ್ಮೆ ಯಾರದಾದರೂ ಮನೆಯ ಜಗಲಿಯಲ್ಲೋ ಪಾರ್ಕಿನಲ್ಲೋ ಸೇರುವ ಸಣ್ಣ ಬಳಗವೊಂದರಲ್ಲಿ ನಾನು ವರ್ಷಗಟ್ಟಲೆಯಿಂದ ಇದ್ದೇನೆ. ಮೊದಮೊದಲು ನಾನು ಹೇಳಿದ ಪುಸ್ತಕಗಳನ್ನೂ ಯಾರೂ ಮುಟ್ಟುತ್ತಿರಲಿಲ್ಲ. ಹೊಸದಾಗಿ ಬಂದವರೂ ಅದೇ ಜಾಗದಲ್ಲಿ ಎಡವುವುದನ್ನು ನೋಡಿ ನೋಡಿ ಇದನ್ನು ಬರೆಯುತ್ತಿದ್ದೇನೆ. ಹಂತಗಳನ್ನು ಇಲ್ಲಿರುವ ಕ್ರಮದಲ್ಲೇ ಮಾಡಿ. ಒಂದು ಬಿಟ್ಟರೆ ಮುಂದಿನದು ನಿಲ್ಲುವುದಿಲ್ಲ.

## ಕೈಯಲ್ಲಿ ಏನೇನು ಇರಬೇಕು

ಜಾಸ್ತಿ ಏನಿಲ್ಲ. ಮೆತ್ತನೆಯ ಸೀಸದ ಪೆನ್ಸಿಲ್ ಒಂದು. ಜೇಬಿಗೆ ಹಿಡಿಸುವ ನೋಟ್‌ಬುಕ್ ಒಂದು. ಉದ್ದಕ್ಕೆ ಹರಿದಿಟ್ಟ ಕಾಗದದ ಚೀಟಿಗಳು. ಹಳೇ ಬಸ್ ಟಿಕೆಟ್ ಆದರೂ ನಡೆಯುತ್ತದೆ. ಮೊಬೈಲಿನ ಟೈಮರ್.

ಬಣ್ಣದ ಹೈಲೈಟರ್ ಬೇಡ. ಅದೇ ಪ್ರತಿಯನ್ನು ನಾಳೆ ಇನ್ನೊಬ್ಬರಿಗೆ ಕೊಡುತ್ತೀರಿ, ಅವರ ಕಣ್ಣು ನಿಮ್ಮ ಹಳದಿ ಗೆರೆಯ ಹಿಂದೆಯೇ ಓಡುತ್ತದೆ. ಅಂಟು ಚೀಟಿ ಹಳೇ ಪುಸ್ತಕಕ್ಕೆ ಆಗಿಬರುವುದಿಲ್ಲ. ಕಿತ್ತರೆ ಕಾಗದದ ಸಿಪ್ಪೆ ಜೊತೆಗೇ ಬರುತ್ತದೆ. ಲೈಬ್ರರಿ ಪುಸ್ತಕಕ್ಕೆ ಪೆನ್ಸಿಲ್ ಕೂಡ ಬೇಡ, ಚೀಟಿ ಮಾತ್ರ.

## ಹಂತ 1: ಓದುವಾಗಲೇ ಮೂರು ಗುರುತು

ಮುಗಿಸಿದ ಮೇಲೆ ನೆನಪು ಮಾಡಿಕೊಂಡು ಹೇಳೋಣ ಅಂತ ಬಿಡಬೇಡಿ. ಮುಗಿಸಿದ ಮೇಲೆ ಉಳಿಯುವುದು ಕೊನೆಯ ಅಧ್ಯಾಯ ಮಾತ್ರ. ನೀವು ಹೇಳಬಾರದ್ದು ಅದನ್ನೇ.

ಮೊದಲ ಗುರುತು, ಪುಸ್ತಕ ನಿಮ್ಮನ್ನು ಹಿಡಿದ ಪುಟ. ಗಡಿಯಾರ ನೋಡುವುದು ನಿಂತಿತಲ್ಲ, ಆ ಜಾಗ. ಅಲ್ಲೊಂದು ಚೀಟಿ. ಎರಡನೆಯದು, ತೂಕಡಿಸಿದ ಪುಟ. ಇದನ್ನು ಯಾರೂ ಗುರುತು ಹಾಕಿಕೊಳ್ಳುವುದಿಲ್ಲ, ಇಷ್ಟಪಟ್ಟ ಪುಸ್ತಕದಲ್ಲಿ ಬೇಜಾರಾಯಿತು ಅಂತ ಒಪ್ಪಲು ಮನಸ್ಸಿಲ್ಲ. ಆದರೆ ಮುಂದೆ ಅತಿ ಹೆಚ್ಚು ಕೆಲಸಕ್ಕೆ ಬರುವುದು ಇದೇ ಗುರುತು. ಮೂರನೆಯದು, ಪಕ್ಕದಲ್ಲಿ ಯಾರಾದರೂ ಇದ್ದಿದ್ದರೆ ‘ಇಲ್ಲಿ ಕೇಳು’ ಅಂತ ಗಟ್ಟಿಯಾಗಿ ಓದುತ್ತಿದ್ದಿರಿ ಅನ್ನಿಸಿದ ಪುಟ.

ಓದಿ ಮುಗಿಸಿ ಎರಡು ದಿನದ ಒಳಗೆ, ಪುಸ್ತಕ ತೆರೆಯದೆ, ನೋಟ್‌ಬುಕ್ಕಿನಲ್ಲಿ ಐದಾರು ಸಾಲು ಗೀಚಿಕೊಳ್ಳಿ. ಯಾರ ಮುಖ ಕಣ್ಣ ಮುಂದಿದೆ? ಯಾವ ಮನೆ, ಯಾವ ದಾರಿ, ಯಾವ ಊಟ ನೆನಪಿದೆ? ವಾಕ್ಯ ಸರಿಯಿಲ್ಲದಿದ್ದರೂ ಪರವಾಗಿಲ್ಲ.

ಅಲ್ಲಿಯವರೆಗೆ ಬೆನ್ನುಡಿ, ವಿಮರ್ಶೆ, ಮುನ್ನುಡಿ ಯಾವುದನ್ನೂ ಓದಬೇಡಿ. ಓದಿದರೆ ನಿಮ್ಮ ಮಾತಿನ ಬದಲು ಅವರ ಮಾತು ಬಾಯಿಗೆ ಬರುತ್ತದೆ. ನಮ್ಮಲ್ಲಿ ಮುನ್ನುಡಿ ಬರೆಯುವ ಹಿರಿಯರು ಕತೆಯ ಕೊನೆಯನ್ನೂ ಅಲ್ಲೇ ಹೇಳಿಬಿಡುವುದುಂಟು. ಅದಕ್ಕೇ ಪುಸ್ತಕ ಕೊಡುವಾಗ ನಾನು ‘ಮುನ್ನುಡಿ ಕೊನೆಗೆ ಓದಿ’ ಅಂತ ಮೊದಲ ಪುಟಕ್ಕೇ ಒಂದು ಚೀಟಿ ಸಿಕ್ಕಿಸುತ್ತೇನೆ.

## ಹಂತ 2: ಪುಸ್ತಕ ಪಕ್ಕಕ್ಕಿಡಿ, ಮನುಷ್ಯರನ್ನು ನೋಡಿ

ನೂರಕ್ಕೆ ತೊಂಬತ್ತು ಜನ ತಪ್ಪುವುದು ಇಲ್ಲೇ ಅಂತ ನನ್ನ ಅಂದಾಜು. ‘ಈ ಪುಸ್ತಕವನ್ನು ಯಾರಿಗೆ ಹೇಳಲಿ’ ಅಂತ ಶುರು ಮಾಡುತ್ತೇವೆ. ‘ಇವರಿಗೆ ಈಗ ಯಾವುದನ್ನು ಕೊಡಲಿ’ ಅಂತ ಶುರು ಮಾಡಬೇಕು. ಎಲ್ಲರೂ ಓದಲೇಬೇಕಾದ ಪುಸ್ತಕ ಅಂತ ಒಂದಿಲ್ಲ. ಇದ್ದರೂ ಎಲ್ಲರೂ ಈ ವಾರವೇ ಓದಬೇಕಾದ್ದು ಖಂಡಿತ ಇಲ್ಲ.

ಎದುರಿಗಿರುವವರಿಗೆ ಮೂರು ಪ್ರಶ್ನೆ ಕೇಳಿ. ಸಂದರ್ಶನದ ಥರ ಅಲ್ಲ, ಕಾಫಿ ಕುಡಿಯುತ್ತಾ.

ಒಂದು: ಕೊನೆಯ ಸಲ ಪೂರ್ತಿ ಓದಿ ಮುಗಿಸಿದ್ದು ಯಾವುದು? ‘ನಿಮ್ಮ ಇಷ್ಟದ ಪುಸ್ತಕ ಯಾವುದು’ ಅಂತ ಮಾತ್ರ ಕೇಳಬೇಡಿ. ಅದಕ್ಕೆ ಎಲ್ಲರ ಹತ್ತಿರವೂ ಒಗೆದು ಇಸ್ತ್ರಿ ಮಾಡಿಟ್ಟ ಉತ್ತರ ಇರುತ್ತದೆ.

ಎರಡು: ಅರ್ಧಕ್ಕೆ ಬಿಟ್ಟದ್ದು ಯಾವುದು, ಎಲ್ಲಿ ಬಿಟ್ಟಿರಿ? ಈ ಉತ್ತರ ಸುಳ್ಳು ಹೇಳುವುದಿಲ್ಲ. ‘ಹೆಸರುಗಳೇ ಕಲೆಸಿಹೋದವು’ ಅಂದರೆ ಒಂದು ಥರದ ಓದುಗರು. ‘ಬರೀ ಮಾತು, ಏನೂ ಆಗಲ್ಲ’ ಅಂದರೆ ಇನ್ನೊಂದು ಥರ.

ಮೂರು: ಯಾವಾಗ, ಎಲ್ಲಿ ಕೂತು ಓದುತ್ತೀರಿ? ಬಸ್ಸಿನಲ್ಲಿ ನಿಂತು ಓದುವವರಿಗೂ ಭಾನುವಾರ ಮಧ್ಯಾಹ್ನ ಒಂದೇ ಸಲ ಮೂರು ಗಂಟೆ ಸಿಗುವವರಿಗೂ ಒಂದೇ ಪುಸ್ತಕ ಆಗುವುದಿಲ್ಲ.

ನಾನು ಕೆಟ್ಟದಾಗಿ ಎಡವಿದ್ದನ್ನೇ ಹೇಳುತ್ತೇನೆ. ಆಫೀಸಿಗೆ ಮೆಟ್ರೋದಲ್ಲಿ ಹೋಗುವ ಗೆಳೆಯ. ದಿನಕ್ಕೆ ಇಪ್ಪತ್ತು, ಇಪ್ಪತ್ತೈದು ನಿಮಿಷದ ಓದು, ಅದೂ ಒಂದು ಕೈಯಲ್ಲಿ ಕಂಬಿ ಹಿಡಿದುಕೊಂಡು. ಅವನಿಗೆ ನಾನು ದೊಡ್ಡ ಮನುಷ್ಯನ ಹಾಗೆ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕೊಟ್ಟೆ. ಮೂರು ವಾರಕ್ಕೆ ವಾಪಸ್ ಬಂತು. ‘ಯಾರು ಯಾರಿಗೆ ಏನಾಗಬೇಕು ಅಂತ್ಲೇ ಗೊತ್ತಾಗಲಿಲ್ಲ ಮಾರಾಯ’ ಅಂದ. ಅವನ ತಪ್ಪಲ್ಲ. 1967ರ ಆ ಕಾದಂಬರಿ ಕೈ ಸೋಲುವಷ್ಟು ದಪ್ಪ, ಜನ ಹತ್ತಾರು, ಮನೆಗಳೂ ಹತ್ತಾರು. ಸಿಂಬಾವಿ, ಹಳೆಮನೆ, ಬೆಟ್ಟಳ್ಳಿ, ಕೋಣೂರು ಅಂತ ಊರು ತಿರುಗುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಮುಚ್ಚಿ ತೆರೆದರೆ ಪ್ರತಿ ಸಲವೂ ಕಾಡಿನಲ್ಲಿ ದಾರಿ ತಪ್ಪಿದ ಹಾಗೇ.

ಆಮೇಲೆ ತೇಜಸ್ವಿಯವರ ‘ಕರ್ವಾಲೊ’ ಕೊಟ್ಟೆ. ಚಿಕ್ಕ ಪುಸ್ತಕ, ಚಿಕ್ಕ ಚಿಕ್ಕ ಅಧ್ಯಾಯ, ಬೆರಳೆಣಿಕೆಯ ಜನ. ವಾರದಲ್ಲಿ ಮುಗಿಸಿ ‘ಇನ್ನೊಂದು ಕೊಡು’ ಅಂದ. ವರ್ಷ ಕಳೆದ ಮೇಲೆ ಮದುಮಗಳನ್ನು ಅವನೇ ಕೇಳಿ ತಗೊಂಡ. ಈ ಸಲ ನಾನೊಂದು ಹಾಳೆಯಲ್ಲಿ ಮನೆಗಳ ಹೆಸರು, ಯಾವ ಮನೆಯಲ್ಲಿ ಯಾರು ಅಂತ ಬರೆದು ಒಳಗಿಟ್ಟಿದ್ದೆ. ಜೊತೆಗೆ ಒಂದೇ ಮಾತು ಹೇಳಿದೆ: ‘ಎಲ್ಲರನ್ನೂ ನೆನಪಿಟ್ಟುಕೊಳ್ಳೋಕೆ ಹೋಗಬೇಡ. ಮೊದಲಿಗೆ ಗುತ್ತಿ ಮತ್ತವನ ನಾಯಿ ಹುಲಿಯನ ಹಿಂದೆ ಹೋಗು, ಸಾಕು.’ ಅವನು ಕೊನೆಯವರೆಗೂ ಹೋದ.

ಈ ಹಂತದಲ್ಲಿ ಇನ್ನು ಕೆಲವು ತಪ್ಪು ಪದೇ ಪದೇ ಆಗುತ್ತವೆ.

ಪ್ರಶಸ್ತಿ ನೋಡಿ ಕೊಡುವುದು. ಕಾರಂತರಿಗೆ ಜ್ಞಾನಪೀಠ ತಂದಿದ್ದು ‘ಮೂಕಜ್ಜಿಯ ಕನಸುಗಳು’ ಅಂತ ಕಾರಂತರನ್ನು ಅಲ್ಲಿಂದಲೇ ಶುರು ಮಾಡಿಸುವವರು ಬಹಳ. ಅದು ಕತೆಯ ಓಟದ ಮೇಲೆ ನಿಂತ ಪುಸ್ತಕ ಅಲ್ಲ; ಅಜ್ಜಿ ಕಂಡದ್ದು, ಅಜ್ಜಿ ಯೋಚಿಸಿದ್ದು. ‘ಮುಂದೇನಾಯ್ತು’ ಅಂತ ಕೇಳುವ ಓದುಗರು ಅಲ್ಲಿ ನಿಂತುಬಿಡುತ್ತಾರೆ. ಅಂಥವರಿಗೆ ‘ಚೋಮನ ದುಡಿ’ಯಿಂದ ಬಾಗಿಲು ತೆಗೆಯಿರಿ.

ತೆಳ್ಳಗಿದೆ ಅಂತ ಕೊಡುವುದು. ದೇವನೂರ ಮಹಾದೇವ ಅವರ ‘ಕುಸುಮಬಾಲೆ’ ತೆಳ್ಳನೆಯ ಪುಸ್ತಕವೇ. ಆದರೆ ಅದರ ಮಾತು ನಂಜನಗೂಡು ಸೀಮೆಯದು, ಕಣ್ಣಲ್ಲಿ ಓದಿದರೆ ತೊಡರುತ್ತದೆ. ಮೊದಲ ಹತ್ತು ಪುಟ ಬಾಯಿಬಿಟ್ಟು ಓದಲು ಹೇಳಿ. ಕಿವಿಗೆ ಬಿದ್ದಾಗ ಅದು ಬೇರೆಯೇ ಪುಸ್ತಕ.

ಕನ್ನಡ ಮಾತು ಸರಾಗ, ಓದು ನಿಧಾನ ಅನ್ನುವವರಿಗೆ ದಪ್ಪ ಕಾದಂಬರಿ ಕೊಡುವುದು. ಬೆಂಗಳೂರಿನ ಇಂಗ್ಲಿಷ್ ಮೀಡಿಯಂ ಮಕ್ಕಳೂ ಹೊರದೇಶದಲ್ಲಿ ಬೆಳೆದ ನಮ್ಮ ಮನೆಮಕ್ಕಳೂ ಈ ಪೈಕಿ. ಇವರಿಗೆ ಆಸಕ್ತಿ ಇಲ್ಲ ಅಂದುಕೊಳ್ಳುತ್ತೇವೆ. ಒತ್ತಕ್ಷರಕ್ಕೆ ಕಣ್ಣು ಪಳಗಿಲ್ಲ, ಅಷ್ಟೇ. ಒಂದೇ ಕೂತಲ್ಲಿ ಮುಗಿಯುವ ಸಣ್ಣಕತೆ ಕೊಡಿ. ಇಲ್ಲವೇ ಮೊದಲ ಅಧ್ಯಾಯ ನೀವೇ ಓದಿ ರೆಕಾರ್ಡ್ ಮಾಡಿ ಕಳಿಸಿ, ಎರಡನೆಯದನ್ನು ಅವರಿಗೆ ಬಿಡಿ.

ಕೊನೆಯದು, ಅವರ ಮನೆಯ ಸ್ಥಿತಿ ನೋಡದೆ ಕೊಡುವುದು. ಮನೆಯಲ್ಲಿ ಸಾವಾಗಿ ತಿಂಗಳಾಗಿತ್ತು, ಅಂಥವರ ಕೈಗೆ ನಾನು ಭೈರಪ್ಪನವರ ‘ಗೃಹಭಂಗ’ ಇಟ್ಟೆ. ಪ್ಲೇಗಿನ ಅಧ್ಯಾಯಗಳು ನನಗೆ ಆ ಹೊತ್ತಿಗೆ ನೆನಪಿಗೇ ಬರಲಿಲ್ಲ. ಅವರು ಏನೂ ಅನ್ನದೆ ಪುಸ್ತಕ ಮರಳಿಸಿದರು. ಏನೂ ಅನ್ನಲಿಲ್ಲವಲ್ಲ, ಅದೇ ಇವತ್ತಿಗೂ ಚುಚ್ಚುತ್ತದೆ.

## ಹಂತ 3: ಸಿಗುತ್ತದಾ ಅಂತ ಮೊದಲೇ ನೋಡಿ

ಚೆಂದ ಮಾಡಿ ಹೇಳುತ್ತೀರಿ. ಎದುರಿಗಿದ್ದವರ ಕಣ್ಣು ಅರಳುತ್ತದೆ. ‘ಎಲ್ಲಿ ಸಿಗುತ್ತೆ?’ ಅನ್ನುತ್ತಾರೆ. ‘ಅದು... ಈಗ ಪ್ರಿಂಟಿನಲ್ಲಿ ಇಲ್ಲ ಅನ್ಸುತ್ತೆ’ ಅನ್ನುತ್ತೀರಿ. ಅಲ್ಲಿಗೆ ಮುಗಿಯಿತು.

ಕನ್ನಡ ಪುಸ್ತಕ ಒಮ್ಮೆಗೆ ಅಚ್ಚಾಗುವುದು ಕಡಿಮೆ ಪ್ರತಿ. ಮುಗಿದರೆ ಮರುಮುದ್ರಣಕ್ಕೆ ವರ್ಷಗಳೇ ಹಿಡಿಯಬಹುದು. ಆದ್ದರಿಂದ ಬಾಯಿ ತೆರೆಯುವ ಮೊದಲು ಪುಸ್ತಕದಂಗಡಿಗೆ ಎರಡು ಫೋನ್ ಮಾಡಿ. ಬೆಂಗಳೂರಾದರೆ ಗಾಂಧಿನಗರದ ಸಪ್ನ, ಗಾಂಧಿಬಜಾರಿನ ಅಂಕಿತ. ಧಾರವಾಡದ ಕಡೆಯಾದರೆ ಮನೋಹರ ಗ್ರಂಥಮಾಲೆ. ಬೇರೆ ಊರಿನಲ್ಲಿ ನವಕರ್ನಾಟಕದ ಮಳಿಗೆ ಇದೆಯಾ ನೋಡಿ. ಊರು ಬಿಟ್ಟು ಇರುವವರಿಗೆ ಮೈಲ್ಯಾಂಗ್ ಆ್ಯಪ್‌ನಲ್ಲಿ ಇ-ಪುಸ್ತಕವೋ ಆಡಿಯೊವೋ ಇದೆಯಾ ನೋಡಿ ಹೇಳಿ. ಹಳ್ಳಿಯಲ್ಲಿರುವವರಿಗೆ ಗ್ರಾಮ ಪಂಚಾಯಿತಿಯ ಗ್ರಂಥಾಲಯ ಇದೆ, ಈಗ ಅದನ್ನು ಅರಿವು ಕೇಂದ್ರ ಅನ್ನುತ್ತಾರೆ. ಪುಸ್ತಕದ ಹೆಸರು, ಬರೆದವರು, ಪ್ರಕಾಶನ, ಬೆಲೆ: ನಾಲ್ಕನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಅವಸರ ಇಲ್ಲದಿದ್ದರೆ ನವೆಂಬರ್‌ವರೆಗೆ ಕಾಯಲು ಹೇಳಿ, ರಾಜ್ಯೋತ್ಸವದ ರಿಯಾಯಿತಿ ಇರುತ್ತದೆ.

ಅನುವಾದವಾಗಿ ಹೆಸರಾದ ಪುಸ್ತಕದ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ನಮ್ಮ ಬಳಗದಲ್ಲಿ ಎಲ್ಲರದೂ ಒಂದೇ ಪ್ರಶ್ನೆ, ‘ಅದರ ಕನ್ನಡ ಯಾವುದು?’ ಅದು ದೀಪಾ ಭಾಸ್ತಿ ಅವರು ಆರಿಸಿ ಅನುವಾದ ಮಾಡಿದ 12 ಕತೆಗಳ ಪುಸ್ತಕ. ಆ ಕತೆಗಳು ಬಾನು ಅವರ ಬೇರೆ ಬೇರೆ ಕನ್ನಡ ಸಂಕಲನಗಳಿಂದ ಬಂದವು. ಹಾಗಾಗಿ ಪುಸ್ತಕದ ಹೆಸರು ಹೇಳಿ ಸುಮ್ಮನಾಗಬೇಡಿ. ನಿಮಗೆ ಹಿಡಿಸಿದ ಕತೆ ಯಾವುದು, ಕನ್ನಡದಲ್ಲಿ ಅದು ಯಾವ ಸಂಕಲನದಲ್ಲಿದೆ ಅಂತ ಹುಡುಕಿಕೊಡಿ. ಹತ್ತು ನಿಮಿಷದ ಕೆಲಸ.

ಪಿಡಿಎಫ್ ವಿಚಾರ. ಬದುಕಿರುವ ಲೇಖಕರ ಪುಸ್ತಕದ ಪಿಡಿಎಫ್ ಹಂಚುವುದು ಅವರ ಜೇಬಿಗೆ ಕೈ ಹಾಕಿದ ಹಾಗೆ. ಅದೂ ಅಲ್ಲದೆ, ಹಾಗೆ ಬಂದ ಪಿಡಿಎಫ್ ಅನ್ನು ಯಾರೂ ತೆರೆಯುವುದೂ ಇಲ್ಲ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡು 60 ವರ್ಷದವರೆಗೆ ಹಕ್ಕು ಇರುತ್ತದೆ. 1942ರಲ್ಲಿ ತೀರಿಕೊಂಡ ಗಳಗನಾಥರ ಕಾದಂಬರಿಗಳನ್ನು ಧೈರ್ಯವಾಗಿ ಹಂಚಿ, ಯಾರ ಅಡ್ಡಿಯೂ ಇಲ್ಲ.

## ಹಂತ 4: ಐದು ಮಾತಿನ ಟಿಪ್ಪಣಿ

ಬಾಯಲ್ಲಿ ಹೇಳುವವರೂ ಮೊದಲು ಬರೆಯಿರಿ. ಬರೆಯದೆ ಹೇಳಿದರೆ ಕತೆ ಪೂರ್ತಿ ಹೇಳಿಬಿಡುತ್ತೀರಿ.

ನಮ್ಮ ಬಳಗಕ್ಕೆ ಬರುವ ಹೊಸಬರು ಬರೆಯುವುದು ಸಾಮಾನ್ಯವಾಗಿ ಹೀಗೆ:

‘ಕರ್ವಾಲೊ ಕನ್ನಡದ ಒಂದು ಮಹತ್ವದ ಕಾದಂಬರಿ. ಪ್ರಕೃತಿ ಮತ್ತು ಮಾನವನ ಸಂಬಂಧವನ್ನು ಲೇಖಕರು ಮಾರ್ಮಿಕವಾಗಿ ಚಿತ್ರಿಸಿದ್ದಾರೆ. ಓದಿಸಿಕೊಂಡು ಹೋಗುವ ಗುಣವಿದೆ. ಎಲ್ಲರೂ ಓದಲೇಬೇಕು.’

ಈಗ ಪುಸ್ತಕದ ಹೆಸರಿನ ಮೇಲೆ ಬೆರಳಿಟ್ಟು ಮುಚ್ಚಿ ಓದಿ. ಇದನ್ನು ಐವತ್ತು ಪುಸ್ತಕಕ್ಕೆ ಅಂಟಿಸಬಹುದು, ಅಲ್ವಾ? ಬೆರಳಿಟ್ಟು ಮುಚ್ಚಿದರೂ ಯಾವ ಪುಸ್ತಕ ಅಂತ ಗೊತ್ತಾದರೆ ಮಾತ್ರ ಟಿಪ್ಪಣಿ ಪಾಸು. ಅದೇ ಪುಸ್ತಕಕ್ಕೆ ನನ್ನ ಟಿಪ್ಪಣಿ:

‘ಮೂಡಿಗೆರೆ ಕಡೆಯ ಒಬ್ಬ ಕೃಷಿಕನಿಗೆ ಜೇನಿನ ನೆಪದಲ್ಲಿ ಮಂದಣ್ಣ ಅನ್ನುವ ಹುಡುಗನ ಪರಿಚಯ ಆಗುತ್ತದೆ. ಊರಿನ ಕಣ್ಣಿಗೆ ಮಂದಣ್ಣ ಪೆದ್ದ; ಕರ್ವಾಲೊ ಅನ್ನುವ ವಿಜ್ಞಾನಿಗೆ ಮಾತ್ರ ಅವನು ಕಾಡನ್ನು ಓದಬಲ್ಲ ಅಪರೂಪದ ಮನುಷ್ಯ. ಕೊನೆಗೆ ಇವರೆಲ್ಲ ಒಂದು ಹಾರುವ ಓತಿಯ ಹಿಂದೆ ಕಾಡಿಗೆ ಹೊರಡುತ್ತಾರೆ, ಬಿರಿಯಾನಿ ಕರಿಯಪ್ಪನನ್ನೂ ಕಟ್ಟಿಕೊಂಡು. ನಾನು ಬಸ್ಸಿನಲ್ಲಿ ಒಬ್ಬನೇ ನಕ್ಕು ಪಕ್ಕದವರಿಂದ ನೋಡಿಸಿಕೊಂಡೆ. ನಡುವೆ ಜೀವವಿಕಾಸದ ಮಾತು ಬರುವಲ್ಲಿ ಸ್ವಲ್ಪ ನಿಧಾನ ಆಗುತ್ತದೆ, ಗಾಬರಿಯಾಗದೆ ದಾಟಿ. ಹಳ್ಳಿಯ ಪೇಚಾಟ, ನಾಯಿ, ಕಾಡು ಇಷ್ಟ ಇರುವವರು ಇವತ್ತೇ ಶುರು ಮಾಡಬಹುದು.’

ಇದರಲ್ಲಿ ಇರುವುದು ಐದೇ ಸಂಗತಿ. ಯಾರು, ಎಲ್ಲಿ. ಬೇರೆ ಯಾವ ಪುಸ್ತಕದಲ್ಲೂ ಇರದ ಒಂದು ವಿವರ. ನಿಮಗೆ ಏನಾಯಿತು. ಎಲ್ಲಿ ತೊಡರುತ್ತದೆ. ಯಾರಿಗೆ ಆಗುತ್ತದೆ. ನಾಲ್ಕನೆಯದನ್ನು ಬಿಡಬೇಡಿ. ಒಂದನೇ ಹಂತದಲ್ಲಿ ತೂಕಡಿಸಿದ ಪುಟಕ್ಕೆ ಚೀಟಿ ಇಟ್ಟಿರಲ್ಲ, ಅದು ಇಲ್ಲಿಗೆ. ‘60ನೇ ಪುಟದ ಹತ್ತಿರ ಬೇಜಾರಾಗುತ್ತದೆ, 75ಕ್ಕೆ ಸರಿಹೋಗುತ್ತದೆ’ ಅಂತ ಮೊದಲೇ ಹೇಳಿಸಿಕೊಂಡವರು 60ಕ್ಕೆ ಪುಸ್ತಕ ಮುಚ್ಚುವುದಿಲ್ಲ. ಹೇಳಿಸಿಕೊಳ್ಳದವರು ‘ನನಗೇ ಅರ್ಥ ಆಗ್ತಿಲ್ಲ’ ಅಂದುಕೊಂಡು ಮುಚ್ಚುತ್ತಾರೆ, ನಿಮ್ಮ ಹತ್ತಿರ ಬಾಯೂ ಬಿಡುವುದಿಲ್ಲ. ಪುಟದ ಲೆಕ್ಕ ಹೇಳುವಾಗ ಯಾವ ಮುದ್ರಣ ಅಂತಲೂ ಹೇಳಿ. ಹೊಸ ಮುದ್ರಣದಲ್ಲಿ ಅಕ್ಷರದ ಗಾತ್ರ ಬದಲಾಗಿ ಪುಟ ಆಚೀಚೆ ಆಗಿರುತ್ತದೆ.

ಬಿಡಬೇಕಾದ ಪದಗಳು: ಅದ್ಭುತ, ಹೃದಯಸ್ಪರ್ಶಿ, ಮನಮುಟ್ಟುವ, ಮಾರ್ಮಿಕ, ವಿಶಿಷ್ಟ, ಒಂದು ಅನನ್ಯ ಪ್ರಯತ್ನ. ‘ಕೈಗೆತ್ತಿಕೊಂಡರೆ ಕೆಳಗಿಡಲು ಆಗುವುದಿಲ್ಲ’ ಅನ್ನುವುದಂತೂ ಸವೆದು ಹೋದ ನಾಣ್ಯ. ನಿಜಕ್ಕೂ ಕೆಳಗಿಡಲು ಆಗಲಿಲ್ಲವಾ? ಹಾಗಾದರೆ ಅದರಿಂದ ಏನು ಕೆಟ್ಟಿತು ಹೇಳಿ. ನಮ್ಮ ಬಳಗದ ಒಬ್ಬ ಅಮ್ಮ ಹೇಳಿದ್ದು: ‘ಕುಕ್ಕರ್ ಏಳು ಸಲ ಕೂಗಿತು, ಅವತ್ತು ಬೇಳೆ ಗಂಜಿ.’ ಅವತ್ತು ಆ ಪುಸ್ತಕಕ್ಕೆ ಮೂರು ಜನ ಕೈ ಚಾಚಿದರು.

ಕತೆ ಎಷ್ಟು ಹೇಳಬಹುದು? ಮೊದಲ ಕಾಲು ಭಾಗದಲ್ಲಿ ಆಗುವುದು ಮಾತ್ರ, ಅದರಾಚೆ ಎಲ್ಲಿಗೆ ಹೊರಟಿದ್ದಾರೆ ಅನ್ನುವ ಸುಳಿವು ಸಾಕು. ಓತಿ ಸಿಕ್ಕಿತಾ ಇಲ್ಲವಾ ಅಂತ ಬಾಯಿ ತಪ್ಪಿಯೂ ಬರಬಾರದು. ಇದಕ್ಕೆ ಒಂದೇ ವಿನಾಯಿತಿ: ಮಕ್ಕಳ ಸಾವು, ಆತ್ಮಹತ್ಯೆ, ಅತ್ಯಾಚಾರದಂಥದ್ದು ಇದ್ದರೆ ಯಾರಿಗೆ, ಯಾವಾಗ ಅಂತ ಹೇಳದೆ ‘ಇಂಥದ್ದು ಇದೆ’ ಅಂತಷ್ಟೇ ತಿಳಿಸಿ. ಎರಡನೇ ಹಂತದ ನನ್ನ ತಪ್ಪು ನಿಮ್ಮಿಂದ ಆಗದಿರಲಿ.

## ಹಂತ 5: ಒಂದು ಪುಟ ಓದಿ ಕೇಳಿಸಿ

ಮೂರನೇ ಗುರುತಿನ ಪುಟ ತೆಗೆಯಿರಿ. ಎರಡು ನಿಮಿಷಕ್ಕೆ ಟೈಮರ್ ಇಟ್ಟು ಮನೆಯಲ್ಲಿ ಒಮ್ಮೆ ಗಟ್ಟಿಯಾಗಿ ಓದಿ. ಎರಡು ನಿಮಿಷಕ್ಕೆ ಎಲ್ಲಿ ನಿಂತಿತೋ ಅಲ್ಲಿಗೆ ಪೆನ್ಸಿಲ್ ಗೆರೆ. ವರ್ಣನೆಗಿಂತ ಇಬ್ಬರು ಮಾತಾಡುವ ಜಾಗ ಕೇಳಲು ಚೆನ್ನ. ಏನೋ ಆಗುವುದರಲ್ಲಿದೆ ಅನ್ನುವಾಗ ನಿಲ್ಲಿಸಿ ಪುಸ್ತಕ ಮುಚ್ಚಿ. ಅರ್ಥ ಬಿಡಿಸಿ ಹೇಳಲು ಹೋಗಬೇಡಿ. ‘ಇಲ್ಲಿ ಲೇಖಕರು ಏನು ಹೇಳ್ತಿದ್ದಾರೆ ಅಂದ್ರೆ’ ಅಂತ ಶುರು ಮಾಡಿದರೆ ಕೇಳುವವರು ಹತ್ತನೇ ಕ್ಲಾಸಿನ ಬೆಂಚಿಗೆ ವಾಪಸ್ ಹೋಗುತ್ತಾರೆ.

## ಹಂತ 6: ಕೂಟದಲ್ಲಿ ಕೂರುವ ರೀತಿ

ಆರರಿಂದ ಹತ್ತು ಜನ. ಹದಿನೈದು ದಾಟಿದರೆ ಅದು ಸಭೆ, ಯಾರೋ ಒಬ್ಬರು ಅಧ್ಯಕ್ಷರಾಗಿಬಿಡುತ್ತಾರೆ. ನೆಲದ ಮೇಲೋ ಕುರ್ಚಿಯಲ್ಲೋ ದುಂಡಗೆ ಕೂತರೆ ಸಾಕು.

ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ 2023ರಿಂದ ಶನಿವಾರ ಬೆಳಿಗ್ಗೆ ಜನ ಸೇರಿ ಸುಮ್ನೆ ಅವರವರ ಪುಸ್ತಕ ಓದುತ್ತಾರಲ್ಲ, ಅದು ಚಂದವೇ. ಓದುವ ಅಭ್ಯಾಸ ತಪ್ಪಿದವರಿಗೆ ಅದಕ್ಕಿಂತ ಒಳ್ಳೆಯ ಮದ್ದಿಲ್ಲ. ಆದರೆ ಒಂದು ಪುಸ್ತಕ ಒಬ್ಬರಿಂದ ಇನ್ನೊಬ್ಬರಿಗೆ ದಾಟಬೇಕಾದರೆ ಬಾಯಿ ಬಿಡಲೇಬೇಕು. ಎರಡನ್ನೂ ಒಂದೇ ದಿನ ಮಾಡಬಹುದು: ಮೊದಲು ಅರ್ಧ ಗಂಟೆ ಮೌನ, ಆಮೇಲೆ ಮಾತು.

ಒಬ್ಬೊಬ್ಬರಿಗೆ ಐದು ನಿಮಿಷ. ಟೈಮರ್ ಎಲ್ಲರಿಗೂ ಕಾಣುವ ಹಾಗೆ ನಡುವೆ ಇರಲಿ. ಹೇಳುವಾಗ ಪುಸ್ತಕ ನಿಮ್ಮ ಕೈಯಲ್ಲಿ ಇರಬಾರದು, ಕೈಯಿಂದ ಕೈಗೆ ಸುತ್ತುತ್ತಿರಬೇಕು. ಮುಟ್ಟಿ, ತೂಗಿ, ಅಕ್ಷರದ ಗಾತ್ರ ನೋಡಿದವರಿಗೇ ಕೊಳ್ಳುವ ಆಸೆ ಹುಟ್ಟುವುದು. ಸಂಕೋಚದವರನ್ನು ಮೊದಲಿಗೆ ಕೂರಿಸಬೇಡಿ, ಕೊನೆಗೂ ಬೇಡ. ಎರಡನೆಯವರಾಗಿ ಮಾತಾಡಿಸಿ. ಮೊದಲನೆಯವರನ್ನು ನೋಡಿ ಧೈರ್ಯ ಬಂದಿರುತ್ತದೆ, ಮತ್ತೆ ಅಳುಕಲು ಟೈಮೂ ಸಿಕ್ಕಿರುವುದಿಲ್ಲ. ಮಾತಿನ ಮಲ್ಲರು ಕೊನೆಗೆ. ಅಷ್ಟು ಹೊತ್ತಿಗೆ ಕಾಫಿಯ ವಾಸನೆ ಬಂದಿರುತ್ತದೆ, ತಾವಾಗೇ ಮುಗಿಸುತ್ತಾರೆ. ಕಾಫಿ, ಮಂಡಕ್ಕಿ ಯಾವತ್ತೂ ಮಾತಾದ ಮೇಲೆ. ಮೊದಲೇ ಕೊಟ್ಟರೆ ಅರ್ಧ ಗಂಟೆ ಖಾರ ಜಾಸ್ತಿಯಾಯಿತಾ ಅನ್ನುವುದರಲ್ಲೇ ಹೋಗುತ್ತದೆ.

ಕನ್ನಡದ ಯಾವ ಬಳಗವಾದರೂ ಒಂದಲ್ಲ ಒಂದು ದಿನ ಪುಸ್ತಕ ಬಿಟ್ಟು ಬರೆದವರ ಮೇಲೆ ಹೋಗುತ್ತದೆ. ಅವರು ಎಡವಾ ಬಲವಾ, ಯಾವ ಜಾತಿ, ಯಾವ ಪ್ರಶಸ್ತಿಗೆ ಯಾರನ್ನು ಹಿಡಿದರು. ಆಗ ದನಿ ಏರಿಸಬೇಡಿ, ಬುದ್ಧಿ ಹೇಳಬೇಡಿ. ‘ಅದು ಈ ಪುಸ್ತಕದ ಯಾವ ಪುಟದಲ್ಲಿದೆ?’ ಅಂತ ಒಂದೇ ಪ್ರಶ್ನೆ ಕೇಳಿ. ಪುಟ ತೋರಿಸಿದರೆ ಒಳ್ಳೆಯ ಚರ್ಚೆ ಶುರುವಾಗುತ್ತದೆ. ತೋರಿಸಲು ಆಗದಿದ್ದರೆ ಮಾತು ತಾನೇ ತಣ್ಣಗಾಗುತ್ತದೆ.

## ಹಂತ 7: ‘ನನಗೆ ಹಿಡಿಸಲಿಲ್ಲ’ ಅಂದಾಗ

ಮೈಯೆಲ್ಲ ಉರಿಯುತ್ತದೆ, ಗೊತ್ತು. ‘ನಿಮಗೆ ಅರ್ಥ ಆಗಿಲ್ಲ’, ‘ಇನ್ನೊಂದ್ಸಲ ಓದಿ’ ಎರಡನ್ನೂ ನುಂಗಿಕೊಳ್ಳಿ. ಅವರು ಓದಿ ಬಂದು ಹೇಳುತ್ತಿದ್ದಾರೆ, ಹೆಬ್ಬೆಟ್ಟಿಗಿಂತ ಅದು ಎಷ್ಟೋ ಮೇಲು. ‘ಎಲ್ಲಿವರೆಗೆ ಹಿಡಿಸಿತ್ತು?’ ಅಂತ ಕೇಳಿ. ಆ ಪುಟ ನಿಮ್ಮ ತೂಕಡಿಕೆಯ ಪುಟವೇ ಆಗಿದ್ದರೆ ತೊಡಕು ಪುಸ್ತಕದ್ದು, ಇಬ್ಬರೂ ನಗಬಹುದು. ಬೇರೆ ಪುಟವಾದರೆ ನಿಮ್ಮ ಆಯ್ಕೆ ತಪ್ಪಿದೆ. ನೋಟ್‌ಬುಕ್ಕಿನಲ್ಲಿ ಅವರ ಹೆಸರಿನ ಮುಂದೆ ಬರೆದುಕೊಳ್ಳಿ.

ನೀವು ಇಷ್ಟವಾಗದ ಪುಸ್ತಕದ ಬಗ್ಗೆ ಹೇಳುವಾಗಲೂ ಇದೇ ಲೆಕ್ಕ. ‘ಬೋರು’ ಅನ್ನಬೇಡಿ. ಎಲ್ಲಿ, ಯಾಕೆ ಅಂತ ಹೇಳಿ. ನಿಮಗೆ ಬೋರಾದದ್ದು ಇನ್ನೊಬ್ಬರು ಹುಡುಕುತ್ತಿದ್ದದ್ದೇ ಆಗಿರಬಹುದು. ಪುಟಗಟ್ಟಲೆ ಅಡುಗೆಯ ವಿವರ ಅಂತ ನಾನೊಮ್ಮೆ ಗೊಣಗಿದ ಪುಸ್ತಕವನ್ನು ಅದೇ ಕಾರಣಕ್ಕೆ ಇಬ್ಬರು ಕೇಳಿ ತಗೊಂಡರು.

## ಹಂತ 8: ಕೊಟ್ಟ ಮೇಲೆ

ಒಬ್ಬರಿಗೆ ಒಂದು ಸಲಕ್ಕೆ ಒಂದೇ ಪುಸ್ತಕ. ಉತ್ಸಾಹದಲ್ಲಿ ಚೀಲ ತುಂಬಿ ಕೊಟ್ಟರೆ ಅದು ಅವರ ಮನೆಯ ಟಿವಿ ಪಕ್ಕ ಒಂದು ಗೋಪುರವಾಗಿ ನಿಲ್ಲುತ್ತದೆ, ದಿನಾ ನೋಡಿ ಅವರಿಗೆ ಅಪರಾಧಿ ಭಾವ. ಕೊಟ್ಟ ತಾರೀಕು, ಹೆಸರು ಬರೆದಿಡಿ. ನಾನು ನೆನಪಿನ ಮೇಲೆ ನಂಬಿಕೆ ಇಟ್ಟು ಮೂರು ಸಂಪುಟದ ಒಂದು ಸೆಟ್ಟಿನ ನಡುವಿನದನ್ನು ಕಳೆದುಕೊಂಡೆ. ಯಾರ ಹತ್ತಿರ ಇದೆ ಅಂತ ಇವತ್ತಿಗೂ ಗೊತ್ತಿಲ್ಲ. ಇಬ್ಬರ ಮೇಲೆ ಅನುಮಾನ ಇದೆ, ಇಬ್ಬರೂ ಮನೆಗೆ ಬರುತ್ತಲೇ ಇರುತ್ತಾರೆ.

ಮೂರು ವಾರ ಏನೂ ಕೇಳಬೇಡಿ. ಆಮೇಲೂ ‘ಓದಿದ್ರಾ?’ ಅಂತ ಕೇಳಬೇಡಿ, ಅದು ಸಾಲ ವಸೂಲಿಯವರ ಪ್ರಶ್ನೆ. ‘ಮಂದಣ್ಣ ಎಲ್ಲಿಗೆ ಬಂದ?’ ಅಂತ ಕೇಳಿ. ಶುರು ಮಾಡಿದ್ದರೆ ಮಾತು ಹರಿಯುತ್ತದೆ. ಮಾಡದಿದ್ದರೆ ಯಾರಪ್ಪ ಈ ಮಂದಣ್ಣ ಅಂತಾದರೂ ತೆರೆದು ನೋಡುತ್ತಾರೆ.

## ಹಳಿ ತಪ್ಪುತ್ತಿರುವ ಗುರುತುಗಳು

ಬಳಗದಲ್ಲಿ ಮೂರು ತಿಂಗಳಿಂದ ಒಬ್ಬರೇ ಪುಸ್ತಕ ಹೇಳುತ್ತಿದ್ದಾರೆ ಅಂದರೆ ಉಳಿದವರು ಓದುವುದು ಬಿಟ್ಟು ಕೇಳುವುದಕ್ಕೆ ಮಾತ್ರ ಬರುತ್ತಿದ್ದಾರೆ. ಒಂದು ತಿಂಗಳು ಅವರಿಗೆ ರಜೆ ಕೊಡಿ. ಆ ಒಬ್ಬರು ನೀವೇ ಆಗಿದ್ದರೆ ಇನ್ನೂ ಬೇಗ ಕೊಡಿ. ನಿಮ್ಮ ಟಿಪ್ಪಣಿಗೆ ‘ತುಂಬಾ ಚೆನ್ನಾಗಿ ಬರೆದಿದ್ದೀರಿ’ ಅನ್ನುವ ಉತ್ತರ ಬರುತ್ತಿದೆ, ‘ಎಲ್ಲಿ ಸಿಗುತ್ತೆ’ ಅಂತ ಯಾರೂ ಕೇಳುತ್ತಿಲ್ಲ ಅಂದರೆ ಟಿಪ್ಪಣಿಯಲ್ಲಿ ಪುಸ್ತಕಕ್ಕಿಂತ ನೀವೇ ಜಾಸ್ತಿ ಕಾಣುತ್ತಿದ್ದೀರಿ. ಹೊಸಬರು ಒಂದು ಸಲ ಬಂದು ಮತ್ತೆ ಬರಲಿಲ್ಲವಾದರೆ, ಅವತ್ತು ಅವರು ಹೇಳಿದ ಪುಸ್ತಕಕ್ಕೆ ಯಾರಾದರೂ ಮೂಗು ಮುರಿದರಾ ಅಂತ ನೆನಪು ಮಾಡಿಕೊಳ್ಳಿ. ಪತ್ತೇದಾರಿ ಕಾದಂಬರಿ ತಂದವರಿಗೆ ನಮ್ಮಲ್ಲಿ ಹೀಗೆ ಆಗಿದೆ. ನಾಚಿಕೆಗೇಡು, ಯಾಕೆಂದರೆ ಮೂಗು ಮುರಿದ ಅರ್ಧ ಜನ ಓದು ಕಲಿತದ್ದೇ ಪತ್ತೇದಾರಿಯಿಂದ.

ಇನ್ನು, ಮರಳಿ ಬಂದ ಪುಸ್ತಕವನ್ನು ಹಾಗೇ ಕಪಾಟಿಗೆ ಇಡಬೇಡಿ. ಚೀಟಿ ಎಲ್ಲಿದೆ ನೋಡಿ. ‘ಮುನ್ನುಡಿ ಕೊನೆಗೆ ಓದಿ’ ಅಂತ ನೀವಿಟ್ಟ ಕಡೆಯೇ ಇದ್ದರೆ ತೆರೆದಿಲ್ಲ. ನಡುವೆ ಎಲ್ಲೋ ಇದ್ದರೆ ಅವರು ನಿಲ್ಲಿಸಿದ್ದು ಅಲ್ಲಿ, ಪುಟದ ಸಂಖ್ಯೆ ನೋಟ್‌ಬುಕ್ಕಿಗೆ ಹಾಕಿಕೊಳ್ಳಿ. ಚೀಟಿಯೇ ಇಲ್ಲವಾ? ಅದು ಅವರ ಮನೆಯಲ್ಲಿ ಇನ್ನೊಂದು ಪುಸ್ತಕದೊಳಗೆ ಕೂತಿರುತ್ತದೆ. ಯಾವುದು ಅಂತ ಫೋನ್ ಮಾಡಿ ಕೇಳಿ.